ನಾಲ್ಕು, ಐದನೇ ತರಗತಿ ಮಕ್ಕಳಿಗೆ ಪ್ರಪಂಚದ ಪರಿಚಯ: ಕೋಲಾರದ ಕಡೆ ಶಾಲೆಗಳಲ್ಲಿ ಏನು ಮಾಡಬಹುದು?

ಶ್ರೀನಿವಾಸಪುರ ಟೀಚರ್

ಎಲ್ಲರಿಗೂ ನಮಸ್ಕಾರ. ಶ್ರೀನಿವಾಸಪುರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು, ಐದನೇ ತರಗತಿ ನೋಡಿಕೊಳ್ತೀನಿ. ಹೋದ ಸಲದ ಸಮಾಲೋಚನಾ ಸಭೆಯಲ್ಲಿ ಮಕ್ಕಳಲ್ಲಿ ಜಾಗತಿಕ ದೃಷ್ಟಿ ಬೆಳೆಸಬೇಕು ಅನ್ನೋ ಮಾತು ಬಂತು. ಮಾತು ನನಗೆ ತುಂಬಾ ಹಿಡಿಸ್ತು. ಆದರೆ ಒಂಬತ್ತು ಹತ್ತು ವರ್ಷದ ಮಗುವಿಗೆ ಅದನ್ನ ಯಾವ ರೂಪದಲ್ಲಿ ಕೊಡಬೇಕು ಅನ್ನೋದು ಅಲ್ಲಿ ಚರ್ಚೆಗೆ ಬರಲಿಲ್ಲ.

ನಮ್ಮ ಮಕ್ಕಳು ಫೋನಿನಲ್ಲಿ ಎಲ್ಲಾ ದೇಶ ನೋಡ್ತಾರೆ. ಕೊರಿಯಾದ ಹಾಡು ಬಾಯಲ್ಲಿರುತ್ತೆ. ಗ್ಲೋಬ್ ಮುಂದಿಟ್ಟು ಕೊರಿಯಾ ಎಲ್ಲಿದೆ ತೋರಿಸು ಅಂದರೆ ಬೆರಳು ಎಲ್ಲೆಲ್ಲೋ ಓಡುತ್ತೆ. ರಾಜಧಾನಿ, ಧ್ವಜ, ನಾಣ್ಯ ಬಾಯಿಪಾಠ ಮಾಡಿಸಬಹುದು, ಕ್ವಿಜ್‌ಗೆ ಅದು ಸಾಕು. ನನಗೆ ಬೇಕಿರೋದು ಬೇರೆ. ದೂರದಲ್ಲಿರೋ ಮಗುವೂ ತನ್ನ ಹಾಗೇ ಒಂದು ಮಗು ಅಂತ ಇವರಿಗೆ ಅನ್ನಿಸಬೇಕು. ಅಲ್ಲಿ ಆಗೋದಕ್ಕೂ ನಮ್ಮೂರಲ್ಲಿ ಆಗೋದಕ್ಕೂ ನಂಟಿದೆ ಅಂತ ಗೊತ್ತಾಗಬೇಕು.

ಸ್ಮಾರ್ಟ್ ಕ್ಲಾಸ್ ಇಲ್ಲ. ಒಂದು ಗ್ಲೋಬ್, ಗೋಡೆ ಮೇಲೆ ಪ್ರಪಂಚದ ನಕ್ಷೆ ಇದೆ. ಪರಿಸರ ಅಧ್ಯಯನದ ಪೀರಿಯಡ್ಡಿನಲ್ಲೇ ಸೇರಿಸಿಕೊಂಡು ಹೋಗಬೇಕು. ಮಾಡಿ ನೋಡಿದವರಿದ್ದರೆ ಹೇಳಿ.

ಮಂಡಿ ಹುಡುಗ, ಕೋಲಾರ

ಮೇಡಂ, ಟೊಮೆಟೊ ಇಟ್ಟುಕೊಂಡೇ ಶುರು ಮಾಡಿ. ನಿಮ್ಮ ಕ್ಲಾಸಿನಲ್ಲಿ ಅರ್ಧ ಮಕ್ಕಳ ಮನೆಯಲ್ಲಿ ಬೆಳೆದಿರ್ತಾರೆ, ಇಲ್ಲ ಕೀಳೋಕೆ ಕೂಲಿಗೆ ಹೋಗಿರ್ತಾರೆ.

2023ರ ಜುಲೈ ನೆನಪಿದೆಯಲ್ಲ. ನಮ್ಮ ಯಾರ್ಡಿನಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಬಿಳಿ ನೊಣ ಬಿದ್ದು, ಎಲೆ ಮುದುರು ರೋಗ ಬಂದು ತೋಟಗಳೇ ಹೋಗಿದ್ವು, ಮಾಲು ಇರಲಿಲ್ಲ. ದೇಶದಲ್ಲೆಲ್ಲಾ ರೇಟು ಏರಿತು. ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ನೇಪಾಳದಿಂದ ಟೊಮೆಟೊ ತರಿಸ್ತು. ಯೋಚನೆ ಮಾಡಿ, ಕೋಲಾರದ ತೋಟದ ಒಂದು ಚಿಕ್ಕ ನೊಣಕ್ಕೂ ನೇಪಾಳದ ಒಬ್ಬ ರೈತನ ಮನೆಗೆ ಬಂದ ದುಡ್ಡಿಗೂ ನಂಟು. ಇದನ್ನ ಐದನೇ ಕ್ಲಾಸಿನ ಮಗು ಹತ್ತು ನಿಮಿಷದಲ್ಲಿ ಅರ್ಥ ಮಾಡಿಕೊಳ್ಳುತ್ತೆ, ಯಾಕಂದ್ರೆ ಆ ವರ್ಷ ಅವರ ಮನೆಯಲ್ಲಿ ಆದ ಮಾತು ಅವರಿಗೆ ನೆನಪಿದೆ.

ಇನ್ನೊಂದು. ಟೊಮೆಟೊ ನಮ್ಮದಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟದ ಕಡೆಯ ಗಿಡ, ಮೆಕ್ಸಿಕೋದಲ್ಲಿ ಬೇಸಾಯಕ್ಕೆ ಬಂತು, ಪೋರ್ಚುಗೀಸರ ಹಡಗಿನಲ್ಲಿ ಇಲ್ಲಿಗೆ ಬಂತು. ಮೆಣಸಿನಕಾಯಿ, ಆಲೂಗಡ್ಡೆ, ಕಡಲೆಕಾಯಿ ಕೂಡ ಅಮೆರಿಕ ಖಂಡದವೇ. 600 ವರ್ಷದ ಹಿಂದೆ ನಮ್ಮೂರ ಅಜ್ಜಿ ಸಾರು ಮಾಡಿದರೆ ಅದರಲ್ಲಿ ಏನಿರ್ತಿತ್ತು, ಏನಿರ್ತಿರಲಿಲ್ಲ ಅಂತ ಮಕ್ಕಳನ್ನ ಕೇಳಿ. ಖಾರಕ್ಕೆ ಏನು ಹಾಕ್ತಿದ್ರು ಅಂತ ಅವರೇ ಹುಡುಕಲಿ, ಕಾಳುಮೆಣಸಿನ ತನಕ ಬಂದೇ ಬರ್ತಾರೆ.

ನಿವೃತ್ತ ಮೇಷ್ಟ್ರು, ಮುಳಬಾಗಿಲು

ಮಂಡಿಯ ತಮ್ಮ ಹೇಳಿದ್ದು ಸರಿ. ಅದಕ್ಕೆ ನನ್ನದೊಂದು ಸೇರಿಕೆ. "ಎಲ್ಲಿಂದ ಬಂತು" ಎಂಬಲ್ಲಿಗೆ ಪಾಠ ನಿಲ್ಲಬಾರದು. ಅಲ್ಲಿಗೆ ನಿಂತರೆ ಮೆಕ್ಸಿಕೋ, ಆಫ್ರಿಕಾ ಎಲ್ಲ ಹಳೆಯ ಕಾಲದ ಹೆಸರುಗಳಾಗಿ ಉಳಿಯುತ್ತವೆ. "ಅಲ್ಲಿಯವರು ಇವತ್ತು ಅದನ್ನು ಹೇಗೆ ತಿನ್ನುತ್ತಾರೆ" ಎಂಬ ಪ್ರಶ್ನೆಯೂ ಬರಬೇಕು. ಮಗುವಿಗೆ ಮಗು ಎದುರಾಗುವುದು ಆಗಲೇ.

ನಾನು ರಾಗಿಯನ್ನು ತೆಗೆದುಕೊಳ್ಳುತ್ತಿದ್ದೆ. ರಾಗಿ ನಮ್ಮ ಸೀಮೆಯ ಉಸಿರು ಎಂದು ನಾವೆಲ್ಲ ನಂಬಿದ್ದೇವೆ, ನಂಬಿಕೆ ಸರಿಯಾದದ್ದೇ. ಆದರೆ ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಪ್ರದೇಶ, ಇಥಿಯೋಪಿಯಾ, ಉಗಾಂಡದ ಸುತ್ತಮುತ್ತ. ಸಾವಿರಾರು ವರ್ಷಗಳ ಹಿಂದೆಯೇ ಇಲ್ಲಿಗೆ ಬಂದು ನಮ್ಮದಾಗಿದೆ. ಈಗಲೂ ಕೀನ್ಯಾದ ಮಕ್ಕಳು ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ರಾಗಿಹಿಟ್ಟಿನ ಗಂಜಿ ಕುಡಿಯುತ್ತಾರೆ, ಅದಕ್ಕೆ ಉಜಿ ಎನ್ನುತ್ತಾರೆ. ಮಧ್ಯಾಹ್ನಕ್ಕೋ ರಾತ್ರಿಗೋ ಉಗಾಲಿ. ಅದು ಹೆಚ್ಚಾಗಿ ಜೋಳದ ಹಿಟ್ಟಿನದು (ನಮ್ಮ ಮುಸುಕಿನ ಜೋಳ), ಕೆಲವು ಕಡೆ ರಾಗಿಯದೂ ಉಂಟು. ಕುದಿಯುವ ನೀರಿಗೆ ಹಿಟ್ಟು ಬಿಟ್ಟು ಮರದ ಕೋಲಿನಿಂದ ತಿರುವಿ ಗಟ್ಟಿ ಮಾಡುತ್ತಾರೆ. ಬಲಗೈಯಲ್ಲಿ ಒಂದು ತುತ್ತು ಮುರಿದು, ಉಂಡೆ ಮಾಡಿ, ಹೆಬ್ಬೆರಳಿನಿಂದ ಒತ್ತಿ ಗುಳಿ ಮಾಡಿ, ಆ ಗುಳಿಯಲ್ಲಿ ಸೊಪ್ಪಿನ ಪಲ್ಯ ಹಿಡಿದು ಬಾಯಿಗಿಡುತ್ತಾರೆ. ಇದನ್ನು ತರಗತಿಯಲ್ಲಿ ಕೈಯಿಂದ ಮಾಡಿ ತೋರಿಸಿದಾಗ ಮಕ್ಕಳ ಮುಖ ನೋಡಬೇಕು. "ಸಾರ್, ಅವರು ಅಗೀತಾರಾ, ನುಂಗ್ತಾರಾ?" ಎಂದು ಒಬ್ಬ ಕೇಳಿದ. ಅಗಿಯುತ್ತಾರೆ ಎಂದೆ. ಮುದ್ದೆ ಅಗಿಯುವುದು ಎಂದರೆ ಅವನಿಗೆ ತಡೆಯಲಾರದ ಸೋಜಿಗ. ನಮ್ಮ ಮನೆಯಲ್ಲಿ ಮುದ್ದೆ ನುಂಗುವುದು ಅವರಿಗೂ ಅಷ್ಟೇ ಸೋಜಿಗ ಆಗುತ್ತದೆ ಅಂದಾಗ ತರಗತಿ ಒಂದು ಕ್ಷಣ ಯೋಚಿಸಿತು. ಆಫ್ರಿಕಾ ಎಂದರೆ ಸಿಂಹ, ಕಾಡು, ಹಸಿವು ಎಂದಷ್ಟೇ ಟೀವಿಯಿಂದ ಕಲಿತಿದ್ದ ಮಕ್ಕಳು ಅವರು.

2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು ಘೋಷಿಸಿತ್ತು, ಅದು ಭಾರತದ್ದೇ ಪ್ರಸ್ತಾಪ. ಇದನ್ನೂ ಹೇಳಬಹುದು. ಆದರೆ ಮೊದಲು ಗಂಜಿ, ಆಮೇಲೆ ವಿಶ್ವಸಂಸ್ಥೆ.

ಇಬ್ಬರು ಮಕ್ಕಳ ತಂದೆ, ಮಾಲೂರು

ಎಲ್ಲಾ ಕೇಳೋಕೆ ಚೆನ್ನಾಗಿದೆ. ನನ್ನ ಮಗಳು ಐದನೇ ಕ್ಲಾಸು, ಭಾಗಾಕಾರ ಬರಲ್ಲ, ಕನ್ನಡ ತಡವರಿಸಿ ಓದ್ತಾಳೆ. ಮನೇಲಿ ತೆಲುಗು, ಶಾಲೇಲಿ ಕನ್ನಡ, ಮೇಲೆ ಇಂಗ್ಲಿಷ್. ಮೊದಲು ಓದು, ಮಗ್ಗಿ ಗಟ್ಟಿ ಆಗಲಿ. ಕೀನ್ಯಾ ಆಮೇಲೆ ನೋಡೋಣ. ತಪ್ಪು ತಿಳ್ಕೋಬೇಡಿ, ತಂದೆಯಾಗಿ ಹೇಳ್ತಿದೀನಿ.

ಶ್ರೀನಿವಾಸಪುರ ಟೀಚರ್

ಅಣ್ಣ, ತಪ್ಪು ತಿಳಿಯೋದೇನಿಲ್ಲ. ನನ್ನ ಕ್ಲಾಸಿನಲ್ಲೂ ಇದೇ ಪರಿಸ್ಥಿತಿ, ಆ ಚಿಂತೆ ನನಗೂ ರಾತ್ರಿ ನಿದ್ದೆ ಕೆಡಿಸುತ್ತೆ. ಆದರೆ ಓದು ಬೇರೆ, ಪ್ರಪಂಚ ಬೇರೆ ಅಂತ ಎರಡು ಪೀರಿಯಡ್ ಮಾಡೋಕೆ ನಾನು ಹೊರಟಿಲ್ಲ. ತಡವರಿಸಿ ಓದೋ ಮಗುವಿಗೆ ಓದಬೇಕು ಅನ್ನಿಸುವಂಥದ್ದು ಏನಾದರೂ ಬೇಕಲ್ಲ. ಉಗಾಲಿ ಮಾಡೋದು ಹೇಗೆ ಅಂತ ಐದು ಸಾಲು ಬೋರ್ಡಿನ ಮೇಲೆ ಬರೆದರೆ ಅದನ್ನ ಓದೋಕೆ ಅವರು ಮುಂದೆ ಬರ್ತಾರೆ ಅನ್ನೋ ನಂಬಿಕೆ ನನಗಿದೆ.

ಉರ್ದು ಶಾಲೆ ಶಿಕ್ಷಕಿ, ಚಿಂತಾಮಣಿ

ಲೆಕ್ಕದ ಬಗ್ಗೆ ಮಾಲೂರಿನ ಭಾಯಿಗೆ ಒಂದು ವಿಷಯ ಹೇಳಬೇಕು.

ನಮ್ಮ ಶಾಲೆಯಲ್ಲಿ ಕೆಲವು ಮಕ್ಕಳ ತಂದೆಯರು ಸೌದಿಯಲ್ಲಿದ್ದಾರೆ. ಗಾಡಿ ಓಡಿಸ್ತಾರೆ, ಅಂಗಡಿಯಲ್ಲಿದ್ದಾರೆ, ಏಸಿ ರಿಪೇರಿ ಮಾಡ್ತಾರೆ. ಗೋಡೆ ಗಡಿಯಾರದ ಪಕ್ಕ ಇನ್ನೊಂದು ಹಳೆ ಗಡಿಯಾರ ಹಾಕಿ ಅದನ್ನ ರಿಯಾದ್ ಟೈಮಿಗೆ ಇಟ್ಟಿದೀವಿ. ನಮಗಿಂತ ಎರಡೂವರೆ ಗಂಟೆ ಹಿಂದೆ. ಇಲ್ಲಿ ಹತ್ತು ಗಂಟೆಗೆ ಪ್ರಾರ್ಥನೆ ಆದಾಗ ಅಲ್ಲಿ ಏಳೂವರೆ. ಅಬ್ಬಾ ಈಗ ಕೆಲಸಕ್ಕೆ ಹೊರಡೋ ಹೊತ್ತು, ಈಗ ಊಟದ ಹೊತ್ತು ಅಂತ ಮಕ್ಕಳೇ ಹೇಳ್ತಾರೆ. ಗಂಟೆ, ನಿಮಿಷ ಕಳೆಯೋ ಲೆಕ್ಕ ಇಷ್ಟು ಸಲೀಸಾಗಿ ಯಾವ ಪುಸ್ತಕದಿಂದಲೂ ನಾನು ಕಲಿಸಿರಲಿಲ್ಲ.

ಆಮೇಲೆ ಪ್ರಶ್ನೆ ಬಂತು, ಯಾಕೆ ಮಿಸ್ ಅಲ್ಲಿ ಹಿಂದೆ? ಬಾಗಿಲು ಮುಚ್ಚಿ, ಟಾರ್ಚು ಹಿಡಿದು, ಗ್ಲೋಬ್ ನಿಧಾನಕ್ಕೆ ತಿರುಗಿಸಿದೆ. ಚಿಂತಾಮಣಿ ಮೇಲೆ ಬೆಳಕು ಮೊದಲು ಬಿತ್ತು, ರಿಯಾದ್ ಮೇಲೆ ಆಮೇಲೆ ಬಿತ್ತು. ಜಪಾನ್ ಮೇಲೆ ನಮಗಿಂತ ಮುಂಚೆ. ಅಂದರೆ ನಾವು ಎದ್ದಾಗ ಜಪಾನಿನ ಮಕ್ಕಳು ಆಗಲೇ ಕ್ಲಾಸಿನಲ್ಲಿ ಕೂತಿರ್ತಾರೆ.

ದೂರದ ದೇಶ ಅಂದರೆ ದೊಡ್ಡವರ ವಿಷಯ ಅಂತ ನಾವು ಅಂದುಕೊಳ್ತೀವಿ. ಈ ಮಕ್ಕಳಿಗೆ ಅದು ರಾತ್ರಿ ಫೋನಿನಲ್ಲಿ ಮಾತಾಡೋ ಅಪ್ಪ.

ಕೆಜಿಎಫ್, ಚಾಂಪಿಯನ್ ರೀಫ್ಸ್

ಮೂರು ತಲೆಮಾರಿನಿಂದ ನಮ್ಮ ಮನೆ ಇಲ್ಲೇ. ಜಾಗತಿಕ ಅಂದಾಗ ಎಲ್ಲರೂ ತಿಂಡಿ, ಹಾಡು, ಸ್ನೇಹ ಅಂತ ಹೋಗ್ತಾರೆ. ಯಾರು ಅಗೆದರು, ಯಾರು ಒಯ್ದರು ಅನ್ನೋದೂ ಪಾಠದಲ್ಲಿ ಬರಬೇಕು. ಮಕ್ಕಳು ಚಿಕ್ಕವರು ಅಂತ ಮುಚ್ಚಿಡಬಾರದು.

1880ರಿಂದ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಇಲ್ಲಿ ಚಿನ್ನದ ಗಣಿ ನಡೆಸ್ತು. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ತವರದ ಗಣಿಗಳು ಸೊರಗಿದಾಗ ಅಲ್ಲಿಯ ಗಣಿಗಾರರು ಇಲ್ಲಿಗೆ ಬಂದರು. ತಮಿಳುನಾಡಿನ ಆರ್ಕಾಟ್ ಕಡೆಯಿಂದ ನಮ್ಮ ಹಿರಿಯರು ಬಂದರು. ಅವರಿಗೆ ಬಂಗಲೆ, ಇವರಿಗೆ ಲೈನ್ ಮನೆ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟು ಬಂತು, ಆಗಿನ್ನೂ ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಇಲ್ಲ. ಜನರೇಟರ್ ಅಮೆರಿಕದ್ದು, ಟರ್ಬೈನ್ ಸ್ವಿಟ್ಜರ್ಲೆಂಡಿನದು, ನೀರು ಕಾವೇರಿದು, ಚಿನ್ನ ಹೋಗಿದ್ದು ಲಂಡನ್ನಿಗೆ. ಒಂದು ಬಲ್ಬು ತೋರಿಸಿ ಇಷ್ಟನ್ನೂ ನಕ್ಷೆಯಲ್ಲಿ ಗೆರೆ ಎಳೆಸಬಹುದು. ಗಣಿ ಮೂರು ಕಿಲೋಮೀಟರಿಗಿಂತ ಆಳ ಹೋಯ್ತು. 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಕೆಲಸ ಹೋದವರ ಮೊಮ್ಮಕ್ಕಳು ಈಗ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರ್ತಾರೆ.

ಹೆಮ್ಮೆ ಪಡೋದೂ ಇದೆ. ಅದೇ ಗಣಿಯ ಆಳದಲ್ಲಿ 1965ರಲ್ಲಿ ಬಾಂಬೆಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಜ್ಞಾನಿಗಳು ಒಟ್ಟಿಗೆ ಸೇರಿ, ಭೂಮಿಯ ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೋ ಅನ್ನೋ ಅತಿ ಸಣ್ಣ ಕಣವನ್ನ ಪತ್ತೆ ಮಾಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲೂ ಇನ್ನೊಂದು ತಂಡ ಇದನ್ನೇ ಮಾಡಿತು. ನ್ಯೂಟ್ರಿನೋ ಏನು ಅಂತ ನಾಲ್ಕನೇ ಕ್ಲಾಸಿಗೆ ಬೇಡ. ಮೂರು ದೇಶದವರು ಒಂದೇ ಲಿಫ್ಟಿನಲ್ಲಿ ನಮ್ಮೂರ ನೆಲದೊಳಗೆ ಇಳಿದರು ಅನ್ನೋದು ಸಾಕು.

ಗೌರಿಬಿದನೂರು

ನಮ್ಮಲ್ಲೂ 1965ರಲ್ಲೇ ಬಾರ್ಕ್‌ನವರು (ಬಾಂಬೆಯ ಅಣುಶಕ್ತಿ ಸಂಶೋಧನಾ ಕೇಂದ್ರ) ಬ್ರಿಟನ್ ಸಹಕಾರದಲ್ಲಿ ಭೂಕಂಪನ ಅಳೆಯೋ ಕೇಂದ್ರ ಮಾಡಿದರು. ಸಾವಿರಾರು ಕಿಲೋಮೀಟರ್ ಆಚೆ ನೆಲ ನಡುಗಿದರೂ ಇಲ್ಲಿ ದಾಖಲಾಗುತ್ತೆ. ನಮ್ಮ ಕಾಲಡಿಯ ನೆಲವೂ ಅವರ ಕಾಲಡಿಯ ನೆಲವೂ ಒಂದೇ ಅಂತ ಹೇಳೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗಂತೂ ಗೊತ್ತಿಲ್ಲ.

ಅಮ್ಮ, ಚಿಕ್ಕಬಳ್ಳಾಪುರ

ಮಾಡಬಾರದ್ದು ಏನು ಅಂತಾನೂ ಬರೀಬೇಕು ಅನ್ನಿಸ್ತು. ನನ್ನ ಮಗ ಹಿಂದೆ ಓದ್ತಿದ್ದ ಒಂದು ಖಾಸಗಿ ಶಾಲೆಯಲ್ಲಿ "ಇಂಟರ್‌ನ್ಯಾಷನಲ್ ಡೇ" ಮಾಡಿದರು. ಒಂದೊಂದು ಮಗುವಿಗೆ ಒಂದೊಂದು ದೇಶ. ಮಗನಿಗೆ ಆಫ್ರಿಕಾ ಅಂದರು. ಐವತ್ತಕ್ಕೂ ಹೆಚ್ಚು ದೇಶ ಇರೋ ಖಂಡ ಅದು, ಯಾವ ದೇಶ ಅಂತ ಕೇಳಿದರೆ ಉತ್ತರ ಇಲ್ಲ. ಮುಖಕ್ಕೆ ಕಪ್ಪು ಬಣ್ಣ ಬಳಿದು, ಸೊಂಟಕ್ಕೆ ಎಲೆ ಕಟ್ಟಿ ಕಳಿಸಿ ಅಂತ ಮೆಸೇಜು. ನಾನು ಕಳಿಸಲಿಲ್ಲ. ನಮ್ಮೋರೇ ಹೊರದೇಶಕ್ಕೆ ಹೋದಾಗ ಬಣ್ಣ ನೋಡಿ ಯಾರಾದರೂ ಆಡಿಕೊಂಡರೆ ನಮಗೆ ಎಷ್ಟು ಉರಿಯುತ್ತೆ? ಅಂಥದ್ದನ್ನ ಏಳು ವರ್ಷದ ಮಗುವಿನ ಕೈಲಿ ಚಪ್ಪಾಳೆ ತಟ್ಟಿಸಿ ಮಾಡಿಸೋದು ನನಗೆ ಸಹಿಸೋಕೆ ಆಗಲಿಲ್ಲ.

ವೇಷ ಹಾಕಿಸೋ ಬದಲು ಮೇಷ್ಟ್ರು ಹೇಳಿದ ಹಾಗೆ ಒಂದು ಮಗುವಿನ ಒಂದು ದಿನ ತಿಳಿಸಿ. ಎಷ್ಟು ಹೊತ್ತಿಗೆ ಏಳುತ್ತೆ, ನೀರು ಎಲ್ಲಿಂದ ತರುತ್ತೆ, ಏನು ಆಟ ಆಡುತ್ತೆ. "ಅಯ್ಯೋ ಪಾಪ" ಅನ್ನೋದೂ ಬೇಡ, "ಅಬ್ಬಾ ಫಾರಿನ್" ಅನ್ನೋದೂ ಬೇಡ.

ವೇಮಗಲ್ ಕಡೆಯ ಶಿಕ್ಷಕ

ಅಕ್ಕ ಹೇಳಿದ್ದು ಓದಿ ನನ್ನ ಶಾಲೆ ಕಣ್ಣಮುಂದೆ ಬಂತು. ಇಲ್ಲಿ, ನರಸಾಪುರದಲ್ಲಿ ಕಾರ್ಖಾನೆ ಬಂದ ಮೇಲೆ ಬಿಹಾರ, ಒಡಿಶಾ, ಉತ್ತರ ಕರ್ನಾಟಕದಿಂದ ಬಂದವರ ಮಕ್ಕಳು ಸೇರ್ತಿದ್ದಾರೆ. ನಮ್ಮ ಮಕ್ಕಳು ತೆಲುಗಿನಲ್ಲಿ ಆಡಿಕೊಳ್ಳೋದು ಅವರಿಗೆ ಅರ್ಥ ಆಗಲ್ಲ, ಅವರು ಮಾತಾಡಿದರೆ ಇವರು ನಗ್ತಾರೆ. ಪಕ್ಕದ ಬೆಂಚಿನ ಒಡಿಯಾ ಹುಡುಗಿ ಜೊತೆ ಬುತ್ತಿ ಹಂಚಿಕೊಳ್ಳದ ಮಗು ಜಪಾನಿನ ಮಗುವನ್ನ ಪ್ರೀತಿಸುತ್ತೆ ಅಂದರೆ ನಾನು ನಂಬಲ್ಲ. ಆ ಹುಡುಗಿಯಿಂದಲೇ ಶುರು ಮಾಡಿದೆ. ಒಡಿಶಾ ನಕ್ಷೆಯಲ್ಲಿ ಎಲ್ಲಿದೆ ಅಂತ ಅವಳೇ ತೋರಿಸಿದಳು. ಯಾವ ರೈಲು, ಎಷ್ಟು ರಾತ್ರಿ, ಅಜ್ಜಿ ಮನೆ ಮುಂದೆ ಏನಿದೆ, ಎಲ್ಲಾ ಹೇಳಿದಳು. ಪಖಾಳ ಅಂದಳು, ರಾತ್ರಿ ಅನ್ನಕ್ಕೆ ನೀರು ಹಾಕಿಟ್ಟು ಬೆಳಿಗ್ಗೆ ತಿನ್ನೋದು. "ನಮ್ಮಜ್ಜಿನೂ ತಂಗಳನ್ನಕ್ಕೆ ಮಜ್ಜಿಗೆ ಹಾಕ್ಕೊಂಡು ತಿಂತಾರೆ" ಅಂತ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. ಅವತ್ತಿನಿಂದ ನಗೋದು ಕಮ್ಮಿ ಆಗಿದೆ.

ನೀಲಗಿರಿ ತೋಪು, ಬಂಗಾರಪೇಟೆ

ನೀಲಗಿರಿ ಮರ ಮರೆತಿರಲ್ಲ! ಆಸ್ಟ್ರೇಲಿಯಾದ್ದು. ಅಲ್ಲಿ ಕೋಆಲಾ ಅನ್ನೋ ಪ್ರಾಣಿಗೆ ಅದರ ಎಲೆಯೇ ಊಟ. ಇಲ್ಲಿ ಬೋರ್‌ವೆಲ್ ಒಣಗೋದಕ್ಕೆ ಅದೂ ಒಂದು ಕಾರಣ ಅಂತ ರೈತರ ದೂರು, 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೆಡೋದನ್ನೇ ನಿಷೇಧಿಸ್ತು. ಅದೇ ಮರ, ಒಂದು ಕಡೆ ಅನ್ನ, ಇನ್ನೊಂದು ಕಡೆ ಜಗಳ. ಎಲೆ ಕೈಯಲ್ಲಿ ಉಜ್ಜಿ ಮೂಸಿಸಿ ಆಮೇಲೆ ಪಾಠ ಮಾಡಿ.

ಶ್ರೀನಿವಾಸಪುರ ಟೀಚರ್

ಇಷ್ಟು ಬರುತ್ತೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ವಂದನೆ. ಒಂದು ಕಷ್ಟದ ಪ್ರಶ್ನೆ ಉಳಿದಿದೆ. ಮಕ್ಕಳು ಯುದ್ಧದ ರೀಲ್ಸ್ ನೋಡಿ ಬರ್ತಾರೆ. ಬಿದ್ದ ಮನೆ, ಗಾಯ ಆದ ಮಕ್ಕಳು. "ಮಿಸ್, ನಮ್ಮೂರಿಗೂ ಬಾಂಬ್ ಹಾಕ್ತಾರಾ?" ಅಂತ ಒಬ್ಬಳು ಕೇಳಿದಳು. ಇದಕ್ಕೆ ಹೇಗೆ ಉತ್ತರ ಕೊಡ್ತೀರಿ?

ಉರ್ದು ಶಾಲೆ ಶಿಕ್ಷಕಿ, ಚಿಂತಾಮಣಿ

ಮೊದಲು ಅವಳು ಏನು ನೋಡಿದಳು ಅಂತ ಪೂರ್ತಿ ಕೇಳಿ. ನಾವು ಅಂದುಕೊಂಡಿರೋದೇ ಒಂದು, ಮಗು ಹೆದರಿರೋದೇ ಇನ್ನೊಂದು. ಆಮೇಲೆ ಗ್ಲೋಬ್ ಮೇಲೆ ದಾರ ಇಟ್ಟು ದೂರ ತೋರಿಸಿ. ಆ ಮಗುವಿಗೆ ಬೇಕಿರೋದು ತಾನು ಸುರಕ್ಷಿತ ಅನ್ನೋ ಧೈರ್ಯ, ಅದನ್ನ ಕೊಟ್ಟೇ ಮುಂದಿನ ಮಾತು.

ಯಾರದು ಸರಿ, ಯಾರದು ತಪ್ಪು ಅಂತ ಒಂಬತ್ತು ವರ್ಷದ ಮಗುವಿನ ಮುಂದೆ ತೀರ್ಪಿಗೆ ಇಡಬಾರದು, ಕ್ಲಾಸಿನಲ್ಲೇ ಎರಡು ಪಕ್ಷ ಆಗುತ್ತೆ. ಅಲ್ಲಿಯ ಮಗುವಿಗೆ ಈಗ ಏನೇನು ಬೇಕು ಅಂತ ಕೇಳಿದೆ. ನೀರು, ಊಟ, ಅಮ್ಮ, ಶಾಲೆ, ಬ್ಯಾಗು ಅಂದರು. ಒಬ್ಬ ನಾಯಿಮರಿ ಅಂದ. ಅದೆಲ್ಲಾ ನಿಮಗೂ ಬೇಕಲ್ವಾ ಅಂದಾಗ ಹೌದು ಅಂದರು. ಅಲ್ಲಿಂದ ಮಕ್ಕಳ ಹಕ್ಕಿಗೆ ಬಂದೆ. 1989ರಲ್ಲಿ ವಿಶ್ವಸಂಸ್ಥೆಯಲ್ಲಿ ಮಕ್ಕಳ ಹಕ್ಕುಗಳ ಒಡಂಬಡಿಕೆ ಆಯ್ತು, 1992ರಲ್ಲಿ ಭಾರತ ಒಪ್ಪಿಕೊಳ್ತು. ನಮ್ಮ ಪಂಚಾಯ್ತಿಯ ಮಕ್ಕಳ ಗ್ರಾಮಸಭೆಯಲ್ಲಿ ಶೌಚಾಲಯಕ್ಕೆ ನೀರು ಕೊಡಿ ಅಂತ ನೀವು ಕೇಳೋದೂ ಆ ಹಕ್ಕಿನಿಂದಲೇ ಅಂತ ಹೇಳಿದೆ.

ಇಬ್ಬರು ಮಕ್ಕಳ ತಂದೆ, ಮಾಲೂರು

ಗಡಿಯಾರದ ಲೆಕ್ಕ ಮನೇಲಿ ಮಗಳಿಗೆ ಕೊಟ್ಟೆ, ಮನಸ್ಸಿಟ್ಟು ಮಾಡಿದಳು. ಭಾಗಾಕಾರಕ್ಕೆ ಏನಾದರೂ ಇದ್ದರೆ ಹೇಳಿ ಮೇಷ್ಟ್ರೇ.

ನಿವೃತ್ತ ಮೇಷ್ಟ್ರು, ಮುಳಬಾಗಿಲು

ಇದೆ. 2018ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಬರ ಬಂದು, ಒಬ್ಬರಿಗೆ ದಿನಕ್ಕೆ 50 ಲೀಟರ್ ನೀರು ಎಂದು ಮಿತಿ ಹಾಕಿದರು. ನಮ್ಮ ಜಿಲ್ಲೆಯ ಕೆರೆಗಳಿಗೆ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಹರಿಯಲು ಶುರುವಾದದ್ದೂ ಅದೇ ವರ್ಷ. ನಿಮ್ಮ ಮನೆಯ ಬಕೆಟ್ ಎಷ್ಟು ಲೀಟರಿನದು? 50ನ್ನು ಅದರಿಂದ ಭಾಗಿಸಲಿ. ಆ ಬಕೆಟ್ಟುಗಳಲ್ಲಿ ಸ್ನಾನ, ಪಾತ್ರೆ, ಬಟ್ಟೆ, ಅಡುಗೆ, ಕುಡಿಯುವುದು ಎಲ್ಲ ಮುಗಿಯಬೇಕು. ಮಗಳು ಒಂದು ದಿನ ಅಳೆದು ಬರೆಯಲಿ. ನೀವೂ ಜೊತೆಗೆ ಕೂರಿ.

ಟೀಚರಮ್ಮ, ಗೋಡೆಯ ನಕ್ಷೆಯ ಬಗ್ಗೆ ಒಂದು ಮಾತು. ಹೆಚ್ಚಿನ ನಕ್ಷೆಗಳಲ್ಲಿ ಗ್ರೀನ್‌ಲ್ಯಾಂಡ್ ಭಾರತಕ್ಕಿಂತ ಬಹಳ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಭಾರತವೇ ದೊಡ್ಡದು. ಆಫ್ರಿಕಾ ಗ್ರೀನ್‌ಲ್ಯಾಂಡಿನ ಸುಮಾರು 14 ಪಟ್ಟು ಇದೆ. ಉರುಟಾದ ಭೂಮಿಯನ್ನು ಚಪ್ಪಟೆ ಹಾಳೆಗೆ ಎಳೆದಾಗ ಧ್ರುವದ ಕಡೆಯ ನೆಲ ಹಿಗ್ಗುತ್ತದೆ. ಗ್ಲೋಬ್ ಮೇಲೆ ತೆಳು ಕಾಗದ ಇಟ್ಟು ಭಾರತ, ಗ್ರೀನ್‌ಲ್ಯಾಂಡ್ ಎರಡನ್ನೂ ಅಚ್ಚು ತೆಗೆಸಿ, ಕತ್ತರಿಸಿ, ಒಂದರ ಮೇಲೊಂದು ಇಡಿಸಿ. ಗ್ಲೋಬ್ ಬೀರುವಿನಲ್ಲಿ ಬೀಗದೊಳಗಿದ್ದರೆ ದಯವಿಟ್ಟು ಹೊರಗೆ ತೆಗೆಯಿರಿ. ಒಡೆದರೆ ಒಡೆಯಲಿ.

ಗೂಡಿನ ಮನೆ, ಶಿಡ್ಲಘಟ್ಟ

ತಡವಾಗಿ ಬಂದೆ, ರೇಷ್ಮೆ ಹುಳು ಹಣ್ಣಾಗಿತ್ತು, ಗೂಡು ಕಟ್ಟೋಕೆ ಚಂದ್ರಿಕೆ ತಟ್ಟೆಗೆ ಬಿಡೋ ಕೆಲಸದಲ್ಲಿದ್ವಿ.

ರೇಷ್ಮೆ ಬಗ್ಗೆ ಯಾರೂ ಬರೆದಿಲ್ಲ. ಹುಳ ಸಾಕೋದು ಚೀನಾದಲ್ಲಿ ಶುರುವಾಯ್ತು. ನಾವು ಈಗ ಬೆಳೆಯೋ ಬಿಳಿ ಗೂಡು, ಬೈವೋಲ್ಟೀನು (ವರ್ಷಕ್ಕೆ ಎರಡು ಪೀಳಿಗೆ ಆಗೋ ತಳಿ), ಇಲ್ಲಿ ನೆಲೆ ಊರೋಕೆ 1991ರಿಂದ ಜಪಾನಿನವರು ಕೊಟ್ಟ ಸಹಕಾರ ದೊಡ್ಡದು. ಜಪಾನಿನ ಎಷ್ಟೋ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳು ಕ್ಲಾಸಿನಲ್ಲೇ ಹುಳ ಸಾಕಿ ನೋಡ್ತಾರಂತೆ. ನಮ್ಮ ಮಕ್ಕಳು ಮನೆಯಲ್ಲೇ ಸಾಕ್ತಾರೆ, ಮೊದಲನೇ ಜ್ವರದಿಂದ (ಹುಳ ಮೇವು ಬಿಟ್ಟು ಪೊರೆ ಕಳಚೋ ಹೊತ್ತು) ನಾಲ್ಕನೇ ಜ್ವರದ ತನಕ ಎಲ್ಲಾ ಗೊತ್ತು, ಆದರೆ ಶಾಲೆಯಲ್ಲಿ ಅದನ್ನ ಯಾರೂ ಕೇಳಲ್ಲ. ಈ ವಿಷಯದಲ್ಲಿ ಜಪಾನಿನ ಮಗುವಿಗೆ ಪಾಠ ಹೇಳುವಷ್ಟು ನಮ್ಮ ಮಗುವಿಗೆ ತಿಳಿದಿದೆ. ಹೊರಗಿನಿಂದ ಕಲಿಯೋದೇ ಜಾಗತಿಕ ಅಂತ ಯಾಕೆ ಅಂದುಕೋಬೇಕು? ನಮ್ಮ ಹತ್ರ ಕೊಡೋಕೂ ಇದೆ.

ಕಹಿ ಭಾಗವೂ ಹೇಳಿ. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆ ಆಮದು ಸುಂಕ ಶೇ. 30ರಿಂದ 5ಕ್ಕೆ ಇಳಿಸಿದರು. ಚೀನಾ ನೂಲು ಅಗ್ಗವಾಗಿ ಬಂತು, ಮಾರ್ಕೆಟ್ಟಿನಲ್ಲಿ ಗೂಡಿನ ರೇಟು ಬಿತ್ತು, ಹಿಪ್ಪುನೇರಳೆ ಕಿತ್ತು ಹಾಕಿದವರೂ ಇದ್ದರು. ಅದಕ್ಕೆ ಚೀನಾದ ರೈತನ ಮೇಲೆ ಮಕ್ಕಳಿಗೆ ಸಿಟ್ಟು ಬರಬಾರದು, ಅವನೂ ನಮ್ಮ ಹಾಗೆ ಸೊಪ್ಪು ಕೊಯ್ದು ರಾತ್ರಿ ಎದ್ದು ಹಾಕೋನೇ. ದೆಹಲಿಯಲ್ಲಿ ಬರೆದ ಒಂದು ಸಾಲು ಎರಡು ಊರಿನ ಮನೆಗಳಿಗೆ ಹೇಗೆ ತಟ್ಟುತ್ತೆ ಅನ್ನೋದು ತಿಳಿದರೆ ಸಾಕು.

ಶ್ರೀನಿವಾಸಪುರ ಟೀಚರ್

ಅಣ್ಣ, ನಮ್ಮ ಕಡೆ ಮಾವು, ಟೊಮೆಟೊ ಜಾಸ್ತಿ, ಹುಳು ಮನೆ ಒಳಗೆ ನೋಡದ ಮಕ್ಕಳೇ ಹೆಚ್ಚು. ಮುಂದಿನ ಬೆಳೆಗೆ ಐದನೇ ತರಗತಿಯನ್ನ ಕರ್ಕೊಂಡು ಬರಬಹುದಾ? ಮುಖ್ಯಶಿಕ್ಷಕರು, ಎಸ್‌ಡಿಎಂಸಿಯವರ (ಶಾಲಾಭಿವೃದ್ಧಿ ಸಮಿತಿ) ಹತ್ರ ಮಾತಾಡ್ತೀನಿ. ನಿಮ್ಮ ಮಕ್ಕಳೇ ನಮ್ಮ ಮಕ್ಕಳಿಗೆ ವಿವರಿಸಲಿ.

ಗೂಡಿನ ಮನೆ, ಶಿಡ್ಲಘಟ್ಟ

ಬನ್ನಿ ಮೇಡಂ, ಖಂಡಿತ ಬನ್ನಿ. ನಾಲ್ಕನೇ ಜ್ವರ ಎದ್ದ ಮೇಲೆ ಬಂದರೆ ಒಳ್ಳೇದು, ಸೊಪ್ಪು ತಿನ್ನೋ ಸದ್ದು ಮಳೆ ಬಂದ ಹಾಗೆ ಕೇಳುತ್ತೆ. ನನ್ನ ಮಗಳು ಆರನೇ ಕ್ಲಾಸು, ಅವಳೇ ಎಲ್ಲಾ ಹೇಳ್ತಾಳೆ. ಮಕ್ಕಳಿಗೆ ಸೆಂಟು, ಪೌಡರು ಹಾಕಬೇಡಿ, ಮಲ್ಲಿಗೆ ಮುಡಿಸಬೇಡಿ, ವಾಸನೆ ಹುಳಕ್ಕೆ ಆಗಲ್ಲ. ಬಾಗಿಲಲ್ಲಿ ಕೈಕಾಲು ತೊಳೆದು, ಸುಣ್ಣ ಬ್ಲೀಚಿಂಗ್ ತುಳಿದು ಒಳಗೆ ಬರಬೇಕು, ಒಂದು ಸಲಕ್ಕೆ ಹತ್ತು ಮಕ್ಕಳಿಗಿಂತ ಜಾಸ್ತಿ ಬೇಡ. ಗ್ಲೋಬೂ ತನ್ನಿ, ನಮ್ಮ ಜಗಲಿ ಮೇಲೆ ಇಡೋಣ. ಮಧ್ಯಾಹ್ನದ ಮುದ್ದೆ, ಸೊಪ್ಪಿನ ಸಾರು ನಮ್ಮನೆಯಲ್ಲೇ.